ಮೀನು ಬರುವ ಮುಂಚೆ ಅರೆದ ಮಸಾಲೆ

ಮಂಜುಗಡ್ಡೆಗೂ ವಾಸನೆ ಇರುತ್ತದೆ ಎಂದು ಯಾರಾದರೂ ಹೇಳಿದ್ದರೆ ಮೊದಲು ನಾನೂ ನಗುತ್ತಿದ್ದೆ. ಹೋದ ಚಳಿಗಾಲ ಮುಗಿಯುವ ಹೊತ್ತಿಗೆ ಪರದೇಶದಲ್ಲಿ ನಾವಿರುವ ಊರು ಯೂನಿಯನ್ ಸಿಟಿಯಿಂದ ನಾವೆಲ್ಲ ಹೊರಟು, ಬೆಟ್ಟ ಹತ್ತಿ, ಹಿಮ ಮುಚ್ಚಿದ ಒಂದು ಜಲಾಶಯದ ಮೇಲೆ ನಿಂತಿದ್ದೆವು. ನೀರಿನ ಮೇಲೆ ನಿಂತಿದ್ದೇನೆ ಎಂದು ನನ್ನ ಕಾಲಿಗೆ ನಂಬಿಕೆಯೇ ಇರಲಿಲ್ಲ. ಅಳಿಯ ನವೀನ ದೊಡ್ಡ ತಿರುಪಿನಂಥ ಯಂತ್ರವನ್ನು ಗಡ್ಡೆಗೆ ಊರಿ ತಿರುಗಿಸಿದ. ಬಿಳಿ ಪುಡಿ ರಾಶಿಯಾಗಿ ಎದ್ದಿತು, ಆಮೇಲೆ ಗುಳುಕ್ಕೆಂದು ಕಪ್ಪು ನೀರು ಉಕ್ಕಿತು. ಆ ನೀರಿನ ಜೊತೆ ಬಂತು ನೋಡಿ, ಆ ವಾಸನೆ! ಪಾಚಿ, ಕೆಸರು, ಮೀನಿನ ಲೋಳೆ. ಕಣ್ಣು ಹಾಯುವಷ್ಟು ದೂರ ಬಿಳುಪು ಬಿಟ್ಟರೆ ಏನೂ ಇಲ್ಲದ ಕಡೆ ನಮ್ಮಪ್ಪನ ಒದ್ದೆ ಬಲೆಯ ವಾಸನೆ ಬಂದು ಮೂಗಿಗೆ ಹೊಡೆದರೆ ನಾನೇನು ಮಾಡಲಿ? ಮಡಿಚುವ ಕುರ್ಚಿಯ ಮೇಲೆ ಕೂತುಬಿಟ್ಟೆ.

ನಮ್ಮ ಮನೆ ದೇವನಹಳ್ಳಿ ಕಡೆಯ ಒಂದು ಕೆರೆ ಏರಿಗೆ ಅಂಟಿಕೊಂಡಿತ್ತು. ಅಪ್ಪ ಆ ಕೆರೆಗೆ ಬಲೆ ಬೀಸುವವನು, ಅವನಪ್ಪನೂ ಅದೇ. ಮನೆ ಎಂದರೆ ಒಂದು ಉದ್ದನೆಯ ಕೋಣೆ, ಮುಂದೊಂದು ಜಗಲಿ, ಜಗಲಿಯ ಗಳದ ಮೇಲೆ ಯಾವಾಗಲೂ ಒಣಗುತ್ತಿದ್ದ ಬಲೆ. ಬಲೆಯ ಅಂಚಿನ ಸೀಸದ ಗುಂಡುಗಳು ಗಾಳಿಗೆ ಒಂದಕ್ಕೊಂದು ತಾಗಿ ಕಟಕಟ ಎನ್ನುತ್ತಿದ್ದವು, ನನಗೆ ಜೋಗುಳ ಅದೇ. ಅಪ್ಪನ ಅಂಗೈ ಎಷ್ಟು ನೆನೆದಿರುತ್ತಿತ್ತೆಂದರೆ ಕೆನ್ನೆ ಮುಟ್ಟಿದರೆ ಸೋರೆಕಾಯಿ ಸಿಪ್ಪೆ ಮುಟ್ಟಿದ ಹಾಗಾಗುತ್ತಿತ್ತು. ಆ ಮನೆಯಲ್ಲಿ ಅವ್ವನದೊಂದು ಕಟ್ಟಳೆ ಇತ್ತು. ಮೀನು ಹೊಸ್ತಿಲು ದಾಟುವವರೆಗೆ ಒರಳಿಗೆ ಮಸಾಲೆ ಬೀಳಕೂಡದು, ಹುಣಸೆಹಣ್ಣು ನೆನೆಯಕೂಡದು. ಮೊದಲೇ ಅರೆದಿಟ್ಟರೆ ಬಲೆ ಖಾಲಿ ಬರುತ್ತದೆ. "ಕೇಳೋರು ನಾವು, ಕೊಡೋಳು ಗಂಗಮ್ಮ ಕಣೇ. ಅವಳು ಹೂಂ ಅನ್ನೋಕೆ ಮುಂಚೆ ತಟ್ಟೆ ಹಾಕ್ಕೊಂಡು ಕೂತ್ರೆ ಯಾರು ಕೊಟ್ಟಾರು?" ಎನ್ನುತ್ತಿದ್ದಳು.

ಹಾಗಾಗಿ ಸಂಜೆಯಾದರೆ ನಮ್ಮ ಮನೆ ಕಾಯುವ ಮನೆ. ಮುದ್ದೆಗೆ ಎಸರು ಕುದಿಯುತ್ತಿತ್ತು. ನಾನು, ತಮ್ಮ, ಕಣ್ಣು ಮಂಜಾದ ಅಜ್ಜಿ, ಎಲ್ಲರೂ ಹಸಿದುಕೊಂಡು ಏರಿಯ ಕಡೆ ಮುಖ ಮಾಡಿ ಕೂತಿರುತ್ತಿದ್ದೆವು. ಅಜ್ಜಿ ಸುಮ್ಮಸುಮ್ಮನೆ "ಬಂದ್ನಾ?" ಎನ್ನುವುದು, ತಮ್ಮ ಸುಳ್ಳುಸುಳ್ಳೇ "ಬಂದ" ಎನ್ನುವುದು, ಅವ್ವ ನಗು ತಡೆದುಕೊಂಡು ಗದರುವುದು. ಅಪ್ಪ ಬಂದರೂ ಸಿಕ್ಕಿತು, ಸಿಗಲಿಲ್ಲ ಎಂದು ಬಾಯಿಬಿಡುತ್ತಿರಲಿಲ್ಲ. ಬುಟ್ಟಿಯನ್ನು ಒಳಗಿಡುತ್ತಿದ್ದ, ಅಷ್ಟೇ. ಅದು ನೆಲಕ್ಕೆ ತಾಗಿದ ಸದ್ದಿನಲ್ಲೇ ಅವ್ವನಿಗೆ ತೂಕ ತಿಳಿಯುತ್ತಿತ್ತು. ಅವಳು ಸೆರಗು ಸಿಕ್ಕಿಸಿ ಒರಳು ತೊಳೆಯಲು ಎದ್ದಳೆಂದರೆ ಇಡೀ ಮನೆ ಅವಳ ಹಿಂದೆ ಎದ್ದ ಹಾಗೆ. ಸಿಗದ ದಿನ ಉಪ್ಪು, ಹಸಿಮೆಣಸಿನಕಾಯಿ, ಮುದ್ದೆ. ಆಗಲೂ ಕಾದದ್ದು ದಂಡವೆಂದು ನಮಗೆ ಅನ್ನಿಸಿದ್ದೇ ಇಲ್ಲ.

ಈಗ ಆ ಕೆರೆಯೇ ಇಲ್ಲ, ಬಡಾವಣೆ ಆಗಿದೆ. ಅಪ್ಪ, ಅವ್ವ, ಅಜ್ಜಿ ತೀರಿಕೊಂಡರು, ಕೊನೆಗೆ ತಮ್ಮನೂ ಹೋದ. ನಿಮಗೂ ಅಂಥದೊಂದು ಮನೆ ಇದ್ದೀತು. ಅದರ ಬಾಗಿಲು ಯಾವ ಕಡೆಗಿತ್ತು ಎಂದು ಯಾರಾದರೂ ಕೇಳಿದರೆ ಕೈ ತಾನಾಗಿ ಎದ್ದು ತೋರಿಸುತ್ತದೆ, ತೋರಿಸಿದ ಕಡೆ ಏನೂ ಇರುವುದಿಲ್ಲ.

ಹಿಮದ ಮೇಲೆ ನನ್ನ ಮೊಮ್ಮಗಳು ಅನ್ವಿ ತೂತಿನ ಮುಂದೆ ಮೊಣಕಾಲೂರಿ, ಮೊಳದುದ್ದದ ಗಾಳದ ಕೋಲು ಹಿಡಿದಿದ್ದಳು. ನನ್ನ ಬಂಗಾರ, ಮೂಗು ಟೊಮ್ಯಾಟೊ ಹಣ್ಣಾಗಿತ್ತು. ಹಿಂದಿನ ಸಲ ಬಂದಾಗ ಒಂದು ಮೀನೂ ಸಿಗದೆ, ಮನೆ ಮುಟ್ಟುವವರೆಗೂ ಕಾರಿನಲ್ಲಿ ಅತ್ತಿದ್ದಳು. ಈ ಸಲ ಸಿಗದಿದ್ದರೆ ಇನ್ನು ಮುಂದಿನ ವರ್ಷವೇ. ಗಡ್ಡೆ ಮೆತ್ತಗಾಗುವ ಕಾಲ ಬಂತು ಎಂದು ನವೀನ ಹೇಳಿದ್ದ. ತೂತಿನಲ್ಲಿ ಮತ್ತೆ ಮತ್ತೆ ಕಟ್ಟುವ ಐಸಿನ ಚೂರನ್ನು ಮಗಳು ಸುಧಾ ಬೋಂಡ ಎತ್ತುವ ಜಾಲರಿ ಸೌಟಿನಲ್ಲಿ ತೆಗೆಯುತ್ತಿದ್ದಳು. ಮಧ್ಯಾಹ್ನ ದಾಟಿದರೂ ದಾರ ಮಿಸುಕಲಿಲ್ಲ.

"ನಥಿಂಗ್ ಅಜ್ಜಿ. ಅಗೇನ್ ನಥಿಂಗ್," ಎಂದಳು ಅನ್ವಿ. ಕೈಗವಸಿನಲ್ಲಿ ಕಣ್ಣೊರೆಸಿಕೊಂಡಳು.

ಆಗ ನೆನಪಾಯಿತು. ಬೆಟ್ಟದಲ್ಲಿ ರಾತ್ರಿ ತಂಗಲು ಹಿಡಿದ ಬಾಡಿಗೆ ಮನೆಯಲ್ಲಿ ಮಿಕ್ಸಿ ಇರುತ್ತದೋ ಇಲ್ಲವೋ ಎಂದು, ಹಿಂದಿನ ದಿನವೇ ಬೆಳ್ಳುಳ್ಳಿಗೇ ಹೆಸರಾದ ಗಿಲ್‌ರಾಯ್ ಊರಿನ ಬೆಳ್ಳುಳ್ಳಿ ಹಾಕಿ ಮೀನು ಸಾರಿಗೆ ನುಣ್ಣಗೆ ಮಸಾಲೆ ಅರೆದು, ಡಬ್ಬಿಗೆ ತುಂಬಿ ತಂದಿದ್ದೆ. ಅಲ್ಲೇ ನನ್ನ ಕಾಲ ಬುಡದ ಚೀಲದಲ್ಲಿತ್ತು. ಇಷ್ಟು ವರ್ಷ ಅಂಗಡಿ ಮೀನು ತಿಂದು ತಿಂದು ಅವ್ವನ ಕಟ್ಟಳೆಯೇ ಮರೆತುಹೋಗಿತ್ತು. ತಡೆಯಲಾರದೆ ಅವ್ವನ ಮಾತು, ಗಂಗಮ್ಮ, ಡಬ್ಬಿ, ಎಲ್ಲ ಹೇಳಿಬಿಟ್ಟೆ.

ಸುಧಾ ಬಿದ್ದು ಬಿದ್ದು ನಕ್ಕಳು. "ಅಮ್ಮಾ, ಇಲ್ಲಿರೋದು ಟ್ರೌಟು ಮೀನು. ನಿನ್ನ ಮಸಾಲೆ ವಾಸನೆ ಅದಕ್ಕೆಲ್ಲಿ ಗೊತ್ತಾಗ್ಬೇಕು!"

"ಗಂಗಮ್ಮಂಗೂ ವೀಸಾ ಇದ್ಯಾ ಅತ್ತೆ?" ಎಂದ ನವೀನ.

"ನೀರಿರೋ ಕಡೆ ಅವಳಿಗೆ ಯಾರಪ್ಪನ ವೀಸಾ ಬೇಕೋ?" ಎಂದೆ.

ಅನ್ವಿ ಮಾತ್ರ ನಗಲಿಲ್ಲ. ನನ್ನನ್ನೇ ನೋಡಿದಳು. "ಸೋ ವಿ ಬ್ರೋಕ್ ದ ರೂಲ್?" ಎಂದಳು. ಕೋಲನ್ನು ತನ್ನಪ್ಪನ ಕೈಗೆ ಕೊಟ್ಟು, ಚೀಲ ತೆರೆದು, ಡಬ್ಬಿ ಎತ್ತಿಕೊಂಡು ದೂರ ಓಡಿದಳು. ನಾವು ಏಳುವಷ್ಟರಲ್ಲಿ ಮುಚ್ಚಳ ತೆಗೆದು ಎಲ್ಲವನ್ನೂ ಹಿಮದ ಮೇಲೆ ಬೋರಲು ಹಾಕಿದ್ದಳು. ಅಷ್ಟು ಬಿಳುಪಿನ ಮೇಲೆ ಅಷ್ಟು ಕೆಂಪು! ಸುಧಾ ಬಯ್ಯುತ್ತಲೇ ಹಿಮ ಸಮೇತ ಕವರಿಗೆ ತುಂಬಿದಳು. ನಾನು ಖಾಲಿ ಡಬ್ಬಿ ಎತ್ತಿಕೊಂಡೆ. ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಗು, ತಾನು ಕಂಡೇ ಇರದ ನನ್ನ ಅವ್ವನ ಮಾತು ನಡೆಸಿದ್ದಳು. ಕೆರೆಯೊಂದಿಗೇ ಹೋಯಿತು ಎಂದುಕೊಂಡಿದ್ದ ಮಾತು.

ಮಸಾಲೆ ಹೋಗಿದ್ದಕ್ಕೋ, ಬಿಸಿಲು ಇಳಿದಿದ್ದಕ್ಕೋ, ಸ್ವಲ್ಪ ಹೊತ್ತಿಗೆ ಕೋಲು ಬಾಗಿತು. ಅನ್ವಿ ಕಿರುಚಿದಳು. ಬಂತಮ್ಮ ಮೇಲಕ್ಕೆ, ಮೈತುಂಬ ಚುಕ್ಕಿ, ಪಕ್ಕೆಯಲ್ಲಿ ದಾಸವಾಳದ ಬಣ್ಣದ ಗೆರೆ! ನಾನು ಕುಣಿದೆ ಎಂದರೆ ನೀವು ನಂಬಬೇಕು. ಈ ಮಂಡಿ ಇಟ್ಟುಕೊಂಡು, ಆ ಗಡ್ಡೆಯ ಮೇಲೆ ಕುಣಿದೆ.

ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಮಿಕ್ಸಿ ಇರಲಿಲ್ಲ. ಮೀನನ್ನು ಒಳಗಿಟ್ಟ ಮೇಲೆಯೇ ಅನ್ವಿ ನನ್ನ ಕೈ ಎಳೆದು, "ಅಜ್ಜಿ, ಈಗ ಮಾಡ್ಬಹುದು," ಎಂದಳು, ಕನ್ನಡದಲ್ಲೇ. ಉಳಿದಿದ್ದ ಬೆಳ್ಳುಳ್ಳಿ, ಆಮ್ಲೆಟ್ಟಿಗೆಂದು ತಂದ ಹಸಿಮೆಣಸಿನಕಾಯಿ, ಉಪ್ಪು, ಇಷ್ಟನ್ನು ಹಲಗೆಯ ಮೇಲಿಟ್ಟು ಸ್ಟೀಲ್ ಲೋಟದ ತಳದಿಂದ ಜಜ್ಜತೊಡಗಿದೆ. ಅವಳು ಪಕ್ಕದ ಸ್ಟೂಲಿನ ಮೇಲೆ ನಿಂತು ಸಿಡಿದ ಚೂರುಗಳನ್ನು ಆರಿಸಿ ಹಾಕುತ್ತಿದ್ದಳು. ಹೊರಗೆ ಬೆಳಕು ಹೋಗುತ್ತಿತ್ತು. ಎಲ್ಲರಿಗೂ ಹಸಿವು.

"ಅಮ್ಮಾ, ಇನ್ನೂ ಎಷ್ಟೊತ್ತು? ಹೊಟ್ಟೆ ಚುರುಗುಟ್ತಿದೆ," ಎಂದಳು ಸುಧಾ ಆಚೆಯಿಂದ. ನವೀನ ಎರಡು ಸಲ ಬಂದು ಇಣುಕಿ ಹೋದ.

"ಆಗೋಯ್ತು, ಆಗೋಯ್ತು," ಎಂದೆ.

ಎಷ್ಟು ವರ್ಷವಾಯಿತು, ಒಂದು ಮನೆ ಪೂರ್ತಿ ಹೀಗೆ ಕಾದು ಕೂತದ್ದನ್ನು ಕೇಳಿ! ಬೆಳ್ಳುಳ್ಳಿ ಆಗಲೇ ನುಣ್ಣಗಾಗಿತ್ತು. ನಾನು ಬೇಕೆಂದೇ ಇನ್ನೂ ಸ್ವಲ್ಪ ಹೊತ್ತು ಅರೆದೆ.