ನಾಕಾದಲ್ಲಿ ಕೊಟ್ಟ ಕಡಗ

ಆಗ ಪುಣೆಯ ನಮ್ಮ ವಸ್ತಿಯಲ್ಲಿ ಯಾರ ಮನೆಗೂ ಟಿವಿ ಬಂದಿರಲಿಲ್ಲ. ವರ್ಷಕ್ಕೊಮ್ಮೆ ಗಣಪತಿ ಮಂಡಳದ ಹುಡುಗರು ಬಸ್ಸು ಮಾಡಿ ಎಲ್ಲಿಗಾದರೂ ಕರೆದುಕೊಂಡು ಹೋಗುತ್ತಿದ್ದರು. ಅದೇ ನಮ್ಮ ದೊಡ್ಡ ಮೋಜು. ಒಂದು ವರ್ಷ ಲೋಣಾವಳಾಕ್ಕೆ ಹೋಗಿ ಚಿಕ್ಕಿ ತಿಂದು ಬಂದಿದ್ದೆವು. ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಸೊಲ್ಲಾಪುರದ ಆಚೆ, ನಿಜಾಮನ ರಾಜ್ಯದ ಹಳೆಯ ಗಡಿ ನೋಡುವುದೆಂದು ಠರಾಯಿಸಿದರು. ಕೋಟೆ, ಹಳ್ಳ, ಸುಂಕದ ನಾಕಾ ನೋಡಿ ಅದೇ ದಿನ ವಾಪಸ್.

ಎಲ್ಲಿಗೂ ಬಾರದ ಅಜ್ಜಿ, ಅಪ್ಪನ ತಾಯಿ, ಈ ಸಲ ತಾನೂ ಬರುತ್ತೇನೆ ಎಂದಳು.

ಅಪ್ಪ ಗೌಂಡಿ ಕೆಲಸ ಮಾಡುತ್ತಿದ್ದ. "ಅಲ್ಲೇನದ ಬೇ? ಬರೇ ಕಲ್ಲು ಅವ," ಎಂದ.

"ನೀ ದಿನಾ ಕಲ್ಲಿನ ಜೋಡೀನೇ ಇರ್ತಿ. ನಾ ಏನರ ಕೇಳೀನೇನು?"

ದೌಂಡದ ಹತ್ತಿರ ಬೆಳಕಾಯಿತು. ಗಾಣದ ಬೆಲ್ಲದ ವಾಸನೆ ಬಸ್ಸಿನೊಳಗೆ ನುಗ್ಗಿತು. ನಾವು ಹುಡುಗರು ಎದುರಿಗೆ ಬರುವ ಲಾರಿ ನಿನ್ನವು, ಟೆಂಪೊ ನನ್ನವು ಎಂದು ಜಗಳಾಡುತ್ತಿದ್ದೆವು. ಅವ್ವ ಕಟಕ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದಳು. ಅಜ್ಜಿ ಮುಟ್ಟಲಿಲ್ಲ. ಸೊಲ್ಲಾಪುರ ದಾಟಿದ ಮೇಲೆ ನನ್ನ ಕೈ ಹಿಡಿದುಕೊಂಡು, "ಹಳ್ಳ ಬಂತೇನೋ? ಬಂತೇನೋ?" ಎಂದು ಒಂದೇ ಸಮನೆ ಕೇಳತೊಡಗಿದಳು. ನನ್ನ ಕೈ ನೋಯುವಷ್ಟು ಬಿಗಿ ಹಿಡಿದಿದ್ದಳು.

ನಾಕಾ ಎಂದರೆ ಒಂದು ಮುರುಕು ಕಲ್ಲಿನ ಕೋಣೆ. ಪಕ್ಕದಲ್ಲಿ ಹಳೆಯ ಗಾಡಿದಾರಿ, ಮುಂದೆ ಹಳ್ಳ. ಮಂಡಳದ ವಸಂತ ಕಾಲೇಜಿಗೆ ಹೋಗುತ್ತಿದ್ದ. ನಮಗೆಲ್ಲ ಗಡಿ ತೋರಿಸುವ ಕೆಲಸ ಅವನದು. ಒಂದಿಷ್ಟು ಹೊತ್ತು ಮರಾಠಿಯಲ್ಲಿ ಇತಿಹಾಸ ಹೇಳಿದ. ಯಾರೂ ಕೇಳಲಿಲ್ಲ. ಆಮೇಲೆ ಟವೆಲ್ ರುಮಾಲು ಸುತ್ತಿ, ಕೋಲು ಹಿಡಿದು, ದಾರಿಗೆ ಅಡ್ಡ ಒಂದು ಬಿದಿರು ಇಟ್ಟು ಕೂಗಿದ: "ಥಾಂಬಾ! ನಿಲ್ಲಿ! ನಿಜಾಮ ಸರಕಾರದ ನಾಕಾ! ಗಂಟು ಬಿಚ್ಚಿ, ಸುಂಕ ಕಟ್ಟಿ!"

ಎಲ್ಲರೂ ನಕ್ಕರು. ಒಬ್ಬಾಕೆ ಚಕಲಿ ಕೊಟ್ಟಳು. ನಾನು ಪೇಪರಮಿಂಟು ಕೊಟ್ಟು ಆಚೆ ದಾಟಿದೆ. ನನ್ನ ಹಿಂದೆ ಅಜ್ಜಿ.

ಅಜ್ಜಿ ನಗಲಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು ನೆಲ ನೋಡುತ್ತ ನಿಂತಳು.

"ಆಜೀ, ಕಾಯ್ ಆಣಲಂ?" ಏನು ತಂದಿದ್ದೀ ಎಂದು ವಸಂತ ಗದರುವ ಆಟ ಆಡಿದ.

"ಧೋತರದ ಜೋಡಿ ಅದರೀ ಸಾಬ್. ಮದಿವಿಗಿ ತಂದೀವಿ. ಹುಡುಗ್ಗ ಸುಂಕಾಗಿಂಕಾ ತಿಳೀದ್ರಿ. ನನ್ನ ತಮ್ಮ ಅದಾನ್ರೀ, ಶರಣಪ್ಪ."

ಅಪ್ಪ ಗಕ್ಕನೆ ಅಜ್ಜಿಯ ಕಡೆ ತಿರುಗಿದ. ಅವನಿಗೆ ಆ ಕಥೆ ಗೊತ್ತಿತ್ತು, ನಾನು ಆಮೇಲೆ ಕೇಳಿದೆ. ನಿಜಾಮನ ಕಾಲದ ಕೊನೆಗೆ ಅಜ್ಜಿ ಮತ್ತು ಅವಳ ತಮ್ಮ ಸೊಲ್ಲಾಪುರದಲ್ಲಿ ಬಟ್ಟೆ ಕೊಂಡು ಗಡಿಯಾಚೆಯ ಊರಿಗೆ ನಡೆದಿದ್ದರು. ಸುಂಕ ಕಟ್ಟಿಲ್ಲ ಎಂದು ನಾಕಾದವರು ತಮ್ಮನನ್ನು ಆ ಕೋಣೆಯಲ್ಲಿ ಕೂಡಿಹಾಕಿದರು. ಅಜ್ಜಿ ಒಂದು ಕೈಯ ಬೆಳ್ಳಿ ಕಡಗ ಕೊಟ್ಟಳು. "ನೀ ನಡಿ, ಹಿಂದಿಂದ ಕಳಿಸ್ತೀವಿ," ಎಂದರು. ಅವನು ಬರಲಿಲ್ಲ. ಅಷ್ಟರಲ್ಲಿ ನಾಡೆಲ್ಲ ಗದ್ದಲ ಎದ್ದಿತು. ಅವನು ಏನಾದನೋ ಯಾರಿಗೂ ತಿಳಿಯಲಿಲ್ಲ. ಅಜ್ಜಿ ಒಂದೇ ಕೈಗೆ ಕಡಗ ಹಾಕುವುದನ್ನು ನಾನು ಅವರ ಊರಿನ ಪದ್ಧತಿ ಎಂದುಕೊಂಡಿದ್ದೆ.

ಈಗ ಅಜ್ಜಿ ಉಳಿದ ಆ ಒಂದು ಕಡಗ ಎಳೆಯತೊಡಗಿದಳು. ಬರಲಿಲ್ಲ. ಉಗುಳು ಹಚ್ಚಿ ಎಳೆದಳು. ಚರ್ಮ ಕಿತ್ತು ರಕ್ತ ಬಂತು. ವಸಂತನ ಅಂಗೈಯಲ್ಲಿ ಇಟ್ಟಳು.

"ಇದೊಂದೂ ತಗೋರಿ ಸಾಬ್. ಈಗರ ಬಿಡ್ರಿ ಅವನ್ನ."

ನಗು ನಿಂತಿತು. ವಸಂತ ಸುತ್ತ ನೋಡಿದ. ಅಪ್ಪ ಹತ್ತಿರ ಹೋಗಿ ಮರಾಠಿಯಲ್ಲಿ ಮೆಲ್ಲಗೆ ಏನೋ ಹೇಳಿದ. ವಸಂತ ರುಮಾಲು ತೆಗೆಯಲು ಕೈ ಎತ್ತಿದ. ಅಪ್ಪ ಆ ಕೈ ಗಬಕ್ಕನೆ ಹಿಡಿದ.

"ತೆಗೀಬ್ಯಾಡ! ಹಾಕ್ಕೊಂಡೇ ಹೇಳು. ಸೋಡ್ಲಂ ಅನ್ನು. ಬಿಟ್ಟೆ ಅನ್ನು."

ವಸಂತ ಅಂಗೈಯಲ್ಲಿದ್ದ ಕಡಗ ನೋಡುತ್ತ ನಿಂತ. ಅಜ್ಜಿ ಕೋಣೆಯ ಬಾಗಿಲನ್ನೇ ನೋಡುತ್ತಿದ್ದಳು. ವಸಂತ ಇಲ್ಲ ಅಂದರೆ ಏನು ಗತಿ ಎಂದು ನನಗೆ ಹೆದರಿಕೆಯಾಯಿತು. ಓಡಿ ಹೋಗಿ ಅವನ ಅಂಗಿ ಜಗ್ಗಿದೆ.

"ಸೋಡ್ಲಂ," ಎಂದ. ದನಿ ಸಣ್ಣದಿತ್ತು. ಮತ್ತೆ ಜೋರಾಗಿ, "ಸೋಡ್ಲಂ. ಜಾ," ಎಂದು ಬಿದಿರು ಎತ್ತಿದ.

ಅಜ್ಜಿ ಕೂಡಲೇ ಹೊರಡಲಿಲ್ಲ. ಪಕ್ಕಕ್ಕೆ ಸರಿದಳು. ಯಾರನ್ನೋ ಮುಂದೆ ಬಿಟ್ಟುಕೊಂಡು, ಅವರ ಹಿಂದೆ ತಾನು ದಾಟಿದಳು.

ವಸಂತ ಬೆನ್ನು ಹತ್ತಿ ಬಂದು ಕಡಗ ಮುಂದೆ ಹಿಡಿದ.

"ಬ್ಯಾಡಪ್ಪಾ. ವಾಪಸ್ ತಗೊಂಡ್ರ ಅವನ್ನ ಮತ್ತ ಹಿಡೀತಾರ."

ಅಪ್ಪನೂ ಮುಟ್ಟಲಿಲ್ಲ. ವಸಂತ ಅದನ್ನು ಕೋಣೆಯೊಳಗೆ ಇಟ್ಟು ಬಂದ. ಬಸ್ಸಿನಲ್ಲಿ ಅಜ್ಜಿ ಅವ್ವನ ಹತ್ತಿರ ರೊಟ್ಟಿ ಕೇಳಿ ತಿಂದಳು.

ಮುಂದಿನ ಹಿರಿಯರ ಅಮಾವಾಸ್ಯೆಗೆ ನಮ್ಮ ಮನೆಯಲ್ಲಿ ಒಂದು ಎಡೆ ಹೆಚ್ಚಾಯಿತು. ಇದ್ದಾನೋ ಸತ್ತನೋ ತಿಳಿಯದವನಿಗೆ ಎಡೆ ಇಡಬಾರದೆಂದು ಅಲ್ಲಿಯವರೆಗೆ ಶರಣಪ್ಪನ ಹೆಸರು ಎತ್ತುತ್ತಿರಲಿಲ್ಲ. "ಬಿಡಿಸ್ಕೊಂಡ ಬಂದೀನಿ. ಇನ್ನ ಹಿರ್ಯಾರ ಜೋಡಿ ಉಣಲಿ," ಎಂದಳು ಅಜ್ಜಿ.

ಈಗ ಮಾರ್ಕೆಟ್ ಯಾರ್ಡಿನಿಂದ ಲಾರಿ ಮೇಲೆ ಆ ದಾರಿಯಲ್ಲಿ ಹೋಗುತ್ತಿರುತ್ತೇನೆ. ರಸ್ತೆ ಅಗಲ ಮಾಡುವಾಗ ಕೋಣೆ ಕೆಡವಿದರು. ಲಾರಿ ನಿಲ್ಲುವುದಿಲ್ಲ. ಅಜ್ಜಿ ಇಲ್ಲ, ಅಪ್ಪನೂ ಇಲ್ಲ. ಅಮಾವಾಸ್ಯೆಗೆ ಎಡೆ ನಾನೇ ಇಡುತ್ತೇನೆ. ಅಪ್ಪನಿಗೆ ಎಣ್ಣೆಗಾಯಿ, ಅಜ್ಜಿಗೆ ಹುಳಿಬಾನ. ಶರಣಪ್ಪನಿಗೆ ಏನು ಸೇರುತ್ತಿತ್ತು ಎಂದು ಹೇಳುವವರು ಯಾರೂ ಉಳಿದಿಲ್ಲ. ಎಲ್ಲದನ್ನೂ ಸ್ವಲ್ಪ ಸ್ವಲ್ಪ ಬಡಿಸುತ್ತೇನೆ.