ಚಾಂಪಿಯನ್ನನ ಮೊಣಕಾಲು

ಅರವತ್ತೆರಡು ವರ್ಷಗಳಲ್ಲಿ ನನ್ನನ್ನು ಯಾರೂ ‘ಚಾಂಪಿಯನ್’ ಎಂದು ಕರೆದಿರಲಿಲ್ಲ. ಆ ಔದಾರ್ಯವನ್ನು ಮೊದಲು ತೋರಿದ್ದು ನನ್ನ ಮೊಬೈಲು. ‘ಶುಭೋದಯ ಚಾಂಪಿಯನ್, ನಿಮ್ಮ ಟೇಬಲ್ ಕಾಯುತ್ತಿದೆ’ ಎಂದು ಅದು ಬೆಳಗಿನ ಚಹಾಕ್ಕಿಂತ ಮೊದಲೇ ನನ್ನನ್ನು ವಿಚಾರಿಸಿಕೊಳ್ಳುತ್ತಿತ್ತು. ಕನ್ನಡ ಕಲಿಸಿ ನಿವೃತ್ತನಾದ ಮಾಸ್ತರನೊಬ್ಬನಿಗಾಗಿ ಇಷ್ಟು ಅಕ್ಕರೆಯಿಂದ ಕಾಯುವವರು ಲೋಕದಲ್ಲಿ ಬೇರೆ ಯಾರಿದ್ದಾರೆ, ನೀವೇ ಹೇಳಿ.

ನಿಜ ಹೇಳಬೇಕೆಂದರೆ, ಇದ್ದರು. ತಿಕೋಟಾದಲ್ಲಿ ಮಾಸ್ತರಿಕೆ ಮಾಡುತ್ತಿದ್ದಾಗ ಗೆಳೆಯನಾದ ದಸ್ತಗೀರ ಅಲ್ಲಿಯ ದ್ರಾಕ್ಷಿ ಬೆಳೆಗಾರ. ವಿಜಯಪುರಕ್ಕೆ ಬಂದು ನೆಲೆಸಿದ ಮೇಲೂ ನಾನು ಪ್ರತಿ ರವಿವಾರ ಬಸ್ಸು ಹತ್ತಿ ಅವನ ತೋಟಕ್ಕೆ ಹೋಗುತ್ತಿದ್ದೆ. ಒಣದ್ರಾಕ್ಷಿ ಮಾಡುವ ಶೆಡ್ಡಿನ ನೆರಳಿನಲ್ಲಿ ಅವನು, ನಾನು, ನೆರೆತೋಟದ ಇನ್ನಿಬ್ಬರು ಕುಳಿತು ರಮ್ಮಿ ಆಡುತ್ತಿದ್ದೆವು. ಪಣಕ್ಕೆ ಒಡ್ಡುತ್ತಿದ್ದುದು ಒಣದ್ರಾಕ್ಷಿ. ಗೆದ್ದವನು ಅದನ್ನು ಮನೆಗೆ ಒಯ್ದ ಉದಾಹರಣೆ ಇಲ್ಲ. ಆಟ ಮುಗಿಯುವುದರೊಳಗೆ ದಸ್ತಗೀರ ಪಣವನ್ನೆಲ್ಲ ಮೆದ್ದುಬಿಡುತ್ತಿದ್ದ.

ಹೀಗಿರಲು ಮೊಬೈಲಿನ ರಮ್ಮಿ ಬಂತು. ಬಂತು ಎನ್ನುವುದಕ್ಕಿಂತ ನುಗ್ಗಿತು ಎನ್ನಬೇಕು. ಕ್ರಿಕೆಟ್ ನೋಡಲು ಕುಳಿತರೆ ಓವರಿಗೊಮ್ಮೆ ಅದರ ಜಾಹೀರಾತು, ಅಡುಗೆಯ ವಿಡಿಯೋ ನೋಡಿದರೂ ಒಗ್ಗರಣೆಗೂ ಉಪ್ಪಿಗೂ ನಡುವೆ ಅದೇ. ನನ್ನ ಹೆಂಡತಿ ಸುಶೀಲೆ ಬಬಲೇಶ್ವರದ ಶಾಲೆಯಲ್ಲಿ ಇನ್ನೂ ಶಿಕ್ಷಕಿ. ಮುಂಜಾನೆ ಹೋದವಳು ಬರುವುದು ಸಂಜೆಗೆ. ಬರಿದಾದ ಮನೆ, ಬರಿದಾದ ತಲೆ. ನೌಕರಿಯಿಂದ ನಿವೃತ್ತನಾದವನಿಗೆ ಹೊಸ ಪ್ರವೃತ್ತಿಯೊಂದು ಅಂಟಿಕೊಂಡಿತು. ಮೊದಲ ವಾರ ಗೆದ್ದೆ. ಆಮೇಲೆ, ಕಿಸೆಯೊಳಗೆ ಮೊಬೈಲು ಇಟ್ಟುಕೊಂಡಿದ್ದವನು ಮೊಬೈಲಿನೊಳಗೆ ಕಿಸೆಯನ್ನೇ ಇಟ್ಟುಬಿಟ್ಟೆ. ಎಂಟನೆಯ ತರಗತಿಯ ಮಕ್ಕಳಿಂದ ‘ದುಶ್ಚಟಗಳ ದುಷ್ಪರಿಣಾಮಗಳು’ ಎಂಬ ಪ್ರಬಂಧವನ್ನು ವರ್ಷವರ್ಷ ಬರೆಯಿಸಿ, ಜೂಜಿನ ಮಾತು ಬಿಟ್ಟವರ ಅಂಕ ಕಳೆದ ಕೈ ಇದೇ. ಮನೆಯಿಂದ ಬಸ್‌ಸ್ಟ್ಯಾಂಡಿಗೆ ಹೋಗಿಬರಲು ಬ್ಯಾಟರಿ ಸ್ಕೂಟರ್ ಕೊಳ್ಳಬೇಕೆಂದು ಸುಶೀಲೆ ಕೂಡಿಟ್ಟ ಹಣದಲ್ಲಿ ಅರ್ಧ ಆ ಕೈಯಿಂದಲೇ ಹೋಯಿತು.

ರವಿವಾರ ಬಂದರೆ ಮೊಬೈಲಿನಲ್ಲಿ ದೊಡ್ಡ ಪಂದ್ಯ. ತಿಕೋಟಾಕ್ಕೆ ಹೋಗುವುದು ಹೇಗೆ? ‘ಎಡ ಮೊಣಕಾಲು ಭಾಳ ನೋಯಾಕತ್ತೈತೋ’ ಎಂದು ದಸ್ತಗೀರನಿಗೆ ಫೋನು ಮಾಡಿದೆ. ಮೂರು ರವಿವಾರ ಆ ಬಡಪಾಯಿ ಕಾಲು ನನಗಾಗಿ ನೊಂದಿತು. ನಾಲ್ಕನೆಯ ರವಿವಾರ ಸುಶೀಲೆ ಸಂತೆಗೆ ಹೋಗಿದ್ದಾಗ ದಸ್ತಗೀರನೇ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಎಕ್ಕೆ ಎಲೆಯ ಗಂಟು, ಔಡಲೆಣ್ಣೆಯ ಬಾಟಲಿ. ಅಡುಗೆಮನೆಗೆ ತಾನೇ ಹೋಗಿ ಎಣ್ಣೆ ಸವರಿದ ಎಲೆಗಳನ್ನು ಬಿಸಿ ಮಾಡಿ ತಂದ.

“ಕಾಲ ಚಾಚ್ರಿ ಮಾಸ್ತರ.”

ಚಾಚಿದೆ.

“ಇದು ಬಲಗಾಲು. ಫೋನಿನ್ಯಾಗ ಎಡಗಾಲು ಅಂದಿದ್ರಿ?”

“ನೋವು ಈಗ... ಇತ್ತಾಗ ಬಂದೈತಿ.”

“ಹಂಗಾರ ಎರಡಕ್ಕೂ ಕಟ್ಟೂಣು” ಎಂದು ನೆಲದ ಮೇಲೆ ಕುಳಿತ. ಸಣ್ಣದೊಂದು ಅನುಮಾನವೂ ಇಲ್ಲದೆ, ಕೂಸಿಗೆ ಲಂಗೋಟಿ ಕಟ್ಟುವವನ ಜೋಪಾನದಿಂದ ಆತ ಬಟ್ಟೆ ಸುತ್ತುತ್ತಿದ್ದಾಗ, ದಿಂಬಿನ ಕೆಳಗಿಂದ ಮೊಬೈಲು ಕೂಗಿತು: ‘ಚಾಂಪಿಯನ್, ಈಗ ನಿಮ್ಮ ಸರದಿ!’

ದಸ್ತಗೀರ ದಿಂಬೆತ್ತಿ ನೋಡಿದ.

“ಇಸ್ಪೀಟ! ಯಾರ ಜೋಡಿ ಆಡಾಕತ್ತೀರಿ?”

“ಗೊತ್ತಿಲ್ಲೋ. ಯಾರೋ ಐದು ಮಂದಿ.”

“ಮಖಾ ಕಾಣೂದಿಲ್ಲ?”

“ಇಲ್ಲ.”

“ತಪ್ಪ ಎಲಿ ಒಗದ್ರ ಯಾರೂ ಬೈಯೂದಿಲ್ಲ?”

“ಇಲ್ಲ.”

ಅವನು ಮೊಬೈಲನ್ನು ಬೋರಲು ಮಾಡಿ ಇಟ್ಟ. “ನೀವಿಲ್ಲಂತ ಮೂರು ವಾರ ಆಟಾನ ಹಾಕಿಲ್ರಿ ಮಾಸ್ತರ. ಮೂವರೂ ಸುಮ್ನ ಕುಂತು ನಿಮ್ಮ ಕಾಲಿನ ಚಿಂತಿ ಮಾಡೀವಿ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಬಿಚ್ಚಿ ಎಸೆಯಬೇಕಾಗಿದ್ದ ಪಟ್ಟಿಯ ಕೊನೆಯ ಗಂಟನ್ನು ಬಿಗಿ ಮಾಡಿದ. “ವೈನಿಗೆ ಗೊತ್ತೈತಿ?” ಎಂದು ಸುಶೀಲೆಯ ಬಗ್ಗೆ ಕೇಳಿದ. ಇಲ್ಲವೆಂದು ತಲೆ ಅಲ್ಲಾಡಿಸಿದೆ. “ನಾ ಹೇಳಂಗಿಲ್ಲ. ನೀವಾ ಹೇಳ್ರಿ. ಹೇಳೂಮಟ ಈ ಎಲಿ ಬಿಚ್ಚಬ್ಯಾಡ್ರಿ” ಎಂದವನೇ ಚಹಾ ಸಹ ಕುಡಿಯದೆ ಹೊರಟುಹೋದ.

ಸಂತೆಯಿಂದ ಬಂದ ಸುಶೀಲೆ ನನ್ನ ಎರಡೂ ಕಾಲಿನ ಪಟ್ಟಿ ನೋಡಿ ಚೀಲ ಕೈಬಿಟ್ಟಳು. “ಅಯ್ಯ, ಏನಾತ್ರಿ? ಎಲ್ಲಿ ಬಿದ್ರಿ?” ಬಿದ್ದದ್ದು ಎಲ್ಲಿ ಎಂದು ಹೇಳಿದೆ. ಏನನ್ನೂ ಬಿಡಲಿಲ್ಲ. ಆಕೆ ಉರುಳಿದ ಬದನೆಕಾಯಿಗಳನ್ನು ಒಂದೊಂದಾಗಿ ಆಯ್ದು ಬುಟ್ಟಿಗೆ ಹಾಕಿದಳು. ಆಮೇಲೆ ನನ್ನೆದುರು ಕುಳಿತಳು.

“ಸೋತದ್ದು ಮುಚ್ಚಿಟ್ರಿ. ಅದು ತಿಳಿತೈತಿ. ಮೊದಲನೇ ವಾರ ಗೆದ್ದೆ ಅಂದ್ರೆಲ್ಲ, ಅದನ್ಯಾಕ ಹೇಳ್ಲಿಲ್ಲ?”

ತರಗತಿಯಲ್ಲಿ ಒಬ್ಬ ದಡ್ಡ ಹುಡುಗ ಒತ್ತಕ್ಷರ ತಪ್ಪದೆ ಬರೆದರೂ ಮನೆಗೆ ಬಂದು ಆಕೆಗೆ ಹೇಳಿದ ಮೇಲೆಯೇ ನನ್ನ ಸಂತೋಷ ಪೂರ್ತಿಯಾಗುತ್ತಿತ್ತು. ಅಂಥವನು ಒಂದು ವಾರವಿಡೀ ಗೆದ್ದು ತುಟಿ ಬಿಚ್ಚಿರಲಿಲ್ಲ.

“ಈಗರ ಹೇಳ್ರಿ. ಹೆಂಗ ಗೆದ್ರಿ?”

ಹೇಳಲೆಂದು ಬಾಯಿ ತೆರೆದೆ. ಒಂದು ಆಟವೂ ನೆನಪಿಗೆ ಬರಲಿಲ್ಲ.

ಆಕೆ ನನ್ನ ಮುಖ ನೋಡಿದಳು. ಆಕೆಯ ಕಣ್ಣಲ್ಲಿ ಸಿಟ್ಟು ಇನ್ನೂ ಇತ್ತು, ಆದರೆ ಅದರ ಪಕ್ಕದಲ್ಲಿ ಇನ್ನೇನೋ ಬಂದು ಕುಳಿತಿತ್ತು. ಮೊಬೈಲಿನಿಂದ ಆ ಆಟವನ್ನು ನನ್ನ ಕೈಯಿಂದಲೇ ಅಳಿಸಿಹಾಕಿಸಿದಳು. “ಗಾಡಿ ಮುಂದಿನ ವರ್ಷ ತಗೊಳ್ಳೂಣು. ಅಲ್ಲೀಮಟ ದಿನಾ ಮುಂಜಾನೆ ನನ್ನ ಬಸ್‌ಸ್ಟ್ಯಾಂಡಿಗೆ ಮುಟ್ಟಿಸಿ ಬರ್ರಿ. ನಡಕೋತ. ಬ್ಯಾಗ ನೀವಾ ಹಿಡೀಬೇಕು” ಎಂದು ತೀರ್ಪು ಕೊಟ್ಟಳು.

ಈಗ ದಿನವೂ ನಡೆಯುತ್ತೇವೆ. ಊಟದ ಡಬ್ಬಿ, ಮಕ್ಕಳು ಬರೆದ ಪಟ್ಟಿಪುಸ್ತಕ ತುಂಬಿದ ಬ್ಯಾಗು ನನ್ನ ಹೆಗಲಲ್ಲಿ. ಯಾವ ಹುಡುಗಿ ಹೊಸದಾಗಿ ಓದಲು ಕಲಿತಳೆಂದು ಆಕೆ ಹೇಳುತ್ತಿರುತ್ತಾಳೆ, ನಿನ್ನೆ ಒಗ್ಗರಣೆ ಹೇಗೆ ಹೊತ್ತಿಸಿದೆನೆಂದು ನಾನು. ಮೊದಮೊದಲು ಅದು ಶಿಕ್ಷೆಯಂತೆಯೇ ಇತ್ತು. ಈಚೆಗೆ ಬಬಲೇಶ್ವರದ ಬಸ್ಸು ಹೊತ್ತಿಗೆ ಸರಿಯಾಗಿ ಬಂದುಬಿಟ್ಟರೆ ನನಗೆ ಬೇಸರವಾಗುತ್ತದೆ.