ಬರ್ಫದ ಮಷೀನಿನ ಕಣ್ಣು

ಸಹನಾ, ಮಲ್ಲೂ,

ಮೊನ್ನೆ ಖಂಡೇನವಮಿಯ ದಿನ ನಾನು ಸಹನಾಳ ಕೈ ಹಿಡಿದು ಜಗ್ಗಿದ್ದು ನೀವು ಮರೆತಿರಲಿಕ್ಕಿಲ್ಲ. ದಸರೆಯ ಮುನ್ನಾದಿನ ಮನೆಯಲ್ಲಿ ದುಡಿಯುವ ಎಲ್ಲದಕ್ಕೂ ಪೂಜೆ. ಅವಳು ವಿಭೂತಿಯ ಬಟ್ಟಲು ಹಿಡಿದು ಪಂಪಿನ ಪೆಟ್ಟಿಗೆಗೆ, ಹೊಲಿಗೆ ಮಷೀನಿಗೆ, ಮಿಕ್ಸರಿಗೆ ಮೂರು ಬೆರಳು ಎಳೆಯುತ್ತ ಬಂದು ಐಸು ಮಾಡುವ ಬರ್ಫದ ಮಷೀನಿನ ಮುಚ್ಚಳ ತೆರೆದಳು. ಒದ್ದೆ ವಿಭೂತಿಯ ತಣ್ಣನೆ ವಾಸನೆ ಮೂಗಿಗೆ ಬಡಿದದ್ದೇ ನಾನು ಚೀರಿದೆ. ಅಷ್ಟು ದೊಡ್ಡ ದನಿ ನನ್ನಲ್ಲಿ ಇದೆಯೆಂದು ನನಗೇ ಗೊತ್ತಿರಲಿಲ್ಲ. ಅವಳು ಅಳುತ್ತ, "ಆಯೀ, ನಾ ಏನ ಮಾಡೀನಿ?" ಅಂದಳು.

ಏನೂ ಮಾಡಿಲ್ಲ ಮಗಳೇ. ಮಾಡಿದವಳು ನಾನು. ಹೇಳಲು ಆಗದ್ದನ್ನು ಬರೆಯುತ್ತಿದ್ದೇನೆ. ಏಳನೇ ಇಯತ್ತೆವರೆಗೆ ಕಲಿತ ಕೈ, ಅಕ್ಷರ ಸೊಟ್ಟ. ನೀವು ಮರಾಠಿ ಸಾಲೆಯವರು, ಕನ್ನಡ ಓದಲು ನಿಮಗೆ ಹೊತ್ತು ಹಿಡಿಯುತ್ತದೆ. ಹಿಡಿಯಲಿ.

ಆ ಮಷೀನು ಮೊದಲು ನಮ್ಮದಲ್ಲ. ಎದುರು ಮನೆಯ ನರ್ಸಬಾಯಿಯವರದು. ಡಫಳಾಪುರದ ಕಡೆಯಿಂದ ನಮ್ಮೂರಿನ ದವಾಖಾನೆಗೆ ನೌಕರಿಗೆ ಬಂದವರು, ಪೆನ್ಶನ್ ಆದ ಮೇಲೂ ಇಲ್ಲೇ ಉಳಿದರು. ಮಕ್ಕಳಿರಲಿಲ್ಲ, ಮಿರಜದಲ್ಲಿ ತಮ್ಮನ ಮಗಳೊಬ್ಬಳು ಇದ್ದಳು. ನನ್ನ ಮಗ, ನಿಮ್ಮ ಅಪ್ಪ, ಹುಟ್ಟಿದ್ದು ಅವರ ಕೈಯಲ್ಲಿ. ಎರಡು ದಿನ ಬೇನೆ ತಿಂದು ನಾನು ಉಳಿಯುವುದಿಲ್ಲ ಎಂದು ಎಲ್ಲರೂ ಕೈಬಿಟ್ಟಾಗ ಅವರು ನನ್ನ ಕೆನ್ನೆಗೆ ಒಂದು ಏಟು ಕೊಟ್ಟು, "ಸಾಯಾಕ ರಜಾ ಅರ್ಜಿ ಕೊಟ್ಟೀಯೇನ? ಜೋರ ಹಾಕಿ ಮುಕ್ಕು!" ಎಂದು ಗದರಿಸಿದ್ದರು.

ಅವರು ದಲಿತರು, ಬೌದ್ಧರಾದವರು; ನಾವು ಲಿಂಗಾಯತರು. ನಾನು ಮದುವೆಯಾಗಿ ಬಂದ ವರ್ಷವೇ ಅತ್ತೆ ಹೇಳಿಟ್ಟಿದ್ದರು, ಅಲ್ಲಿ ಹೋಗು, ಕುಂದ್ರು, ಮಾತಾಡು, ನೀರು ಮಾತ್ರ ಕುಡೀಬ್ಯಾಡ ಅಂತ. ಅತ್ತೆ ತೀರಿಹೋದರು, ನಿಮ್ಮ ಅಜ್ಜನೂ ಹೋದರು, ಆ ಮಾತು ಮಾತ್ರ ನನ್ನೊಳಗೆ ಹಾಗೇ ಕುಳಿತಿತ್ತು. ನರ್ಸಬಾಯಿಯವರಿಗೆ ಅದು ಗೊತ್ತಿತ್ತು. ಯಾರೇ ಬಂದರೂ ಮೊದಲು ನೀರಿನ ತಂಬಿಗೆ ಇಡುವವರು ನನ್ನ ಮುಂದೆ ಎಂದೂ ಇಡಲಿಲ್ಲ. ನಾನು ಬೇಡ ಅನ್ನುವ ಪ್ರಸಂಗವೇ ಬಾರದಿರಲಿ ಅಂತ... ಮೂವತ್ತು ವರ್ಷ.

ಆಮೇಲೆ ಅವರಿಗೆ ಬಾಯಿಯ ಕ್ಯಾನ್ಸರ್ ಆಯಿತು. ಮಿರಜದ ದವಾಖಾನೆಯಲ್ಲಿ ಕರೆಂಟು, ಅಂದರೆ ರೇಡಿಯೇಶನ್, ಕೊಡಿಸಿಕೊಂಡು ಬಂದಾಗ ನಾಲಿಗೆ, ಕೆನ್ನೆ, ಗಂಟಲೆಲ್ಲ ಹುಣ್ಣು. ಗಂಜಿಯೂ ಉರಿಯುತ್ತಿತ್ತು. ಬರ್ಫ ಬಾಯಲ್ಲಿಟ್ಟುಕೊಂಡರೆ ಮಾತ್ರ ಒಂದಿಷ್ಟು ಸಮಾಧಾನ. ಫ್ರಿಜ್ಜಿನ ಬರ್ಫಕ್ಕೆ ಮೂಲೆಗಳಿರುತ್ತವೆ, ಹುಣ್ಣಿಗೆ ಚುಚ್ಚುತ್ತವೆ. ಅದಕ್ಕೆಂದೇ ತಮ್ಮನ ಮಗಳು ಈ ಮಷೀನು ತಂದುಕೊಟ್ಟಳು. ಇದರ ಬರ್ಫ ನೀವು ನೋಡಿದ್ದೀರಲ್ಲ, ಹೊಲಿಯುವಾಗ ಬೆರಳಿಗೆ ಹಾಕುವ ಟೊಪ್ಪಿಗೆಯ ಹಾಗೆ, ದುಂಡಗೆ, ನಡುವೆ ಟೊಳ್ಳು. ಎಲ್ಲಿಯೂ ಚುಚ್ಚುವುದಿಲ್ಲ.

ನೀರಿನ ಜಾರು ಎತ್ತುವ ಶಕ್ತಿ ಅವರಿಗಿರಲಿಲ್ಲ. ನಾನು ಹೊತ್ತಿಗೆ ಸರಿಯಾಗಿ ಹೋಗಿ ತುಂಬಿಸತೊಡಗಿದೆ. ಹಾಸಿಗೆಯಲ್ಲಿ ಮಲಗಿಕೊಂಡೇ ಅವರು ಎಲ್ಲ ಕಲಿಸಿದರು. ಬೋರಿನ ನೀರು ಹಾಕಬಾರದು, ಸುಣ್ಣ ಕಟ್ಟುತ್ತದೆ, ಫಿಲ್ಟರ್ ನೀರೇ ಬೇಕು. ಗೋಡೆಗೆ ಒತ್ತಿ ಇಡಬಾರದು, ಹಿಂದಿನಿಂದ ಬಿಸಿಗಾಳಿ ಹೊರಗೆ ಹೋಗಬೇಕು. ಕರೆಂಟು ಹೋಗಿ ಬಂದರೆ ಐದು ನಿಮಿಷ ತಡೆದು ಹಚ್ಚಬೇಕು. ಸಂಜೆ ತಳದ ಬಿರಡೆ ಬಿಚ್ಚಿ ಉಳಿದ ನೀರು ಚೆಲ್ಲಬೇಕು. ವಾರಕ್ಕೊಮ್ಮೆ ನಿಂಬೆರಸದ ನೀರಿನಿಂದ ತೊಳೆದು, ಆಮೇಲೆ ಬೀಳುವ ಮೊದಲ ಬುಟ್ಟಿ ಬರ್ಫ ತಿನ್ನದೆ ಚೆಲ್ಲಬೇಕು. ಮಷೀನಿನ ಮೇಲಿನ ಅಕ್ಷರ ಇಂಗ್ಲಿಷು, ನನಗೆ ಬಾರದು. ಮೊದಲನೇ ದೀಪ ಹತ್ತಿದರೆ ನೀರು ತೀರಿದೆ, ಎರಡನೇದು ಹತ್ತಿದರೆ ಬುಟ್ಟಿ ತುಂಬಿದೆ ಎಂದು ಬೆರಳು ಎಣಿಸಿ ಹೇಳಿಕೊಟ್ಟರು.

ಮೊದಲ ದಿನ ಬಿದ್ದ ಬರ್ಫದಲ್ಲಿ ಒಂದನ್ನು ಅವರು ನನ್ನ ಅಂಗೈಯಲ್ಲಿಟ್ಟರು. ನಾನು ಹಾಗೇ ಹಿಡಿದು ನಿಂತೆ. ಅದು ಕರಗಿ ಮುಂಗೈವರೆಗೆ ಇಳಿಯತೊಡಗಿತು.

"ತಂಗೆವ್ವಾ, ಇದು ನೀರಲ್ಲ, ಬರ್ಫ," ಅಂದರು. "ನಿಮ್ಮ ಅತ್ತಿ ಬರ್ಫದ ಬಗ್ಗೆ ಏನೂ ಹೇಳಿ ಸತ್ತಿಲ್ಲಲ್ಲ? ಲಗೂನ ತಿನ್ನು, ನೀರ ಆದ್ರ ಮತ್ತ ಧರ್ಮಸಂಕಟ!"

ನನಗೆ ನಗು ಬಂತು. ಬಾಯಿಗೆ ಹಾಕಿಕೊಂಡೆ. ಅವರು ಹುಣ್ಣಿನ ಬಾಯಿ ಮುಚ್ಚಿಕೊಂಡು ನಕ್ಕರು, ನಕ್ಕದ್ದಕ್ಕೆ ನೋವಾಗಿ ಕಣ್ಣಲ್ಲಿ ನೀರು ತಂದುಕೊಂಡರು. ಆ ತಂಪು ಇನ್ನೂ ನನ್ನ ನಾಲಿಗೆಯ ಮೇಲೆ...

ಖಂಡೇನವಮಿ ಬಂತು. ಅವರು ದಿನದಿಂದ ದಿನಕ್ಕೆ ಇಳಿಯುತ್ತಿದ್ದರು. ಅವರ ಜೀವ ಆ ಮಷೀನಿನ ಮೇಲೆ ನಿಂತಿದೆ ಎಂದು ನನಗೆ ಅನಿಸಿಬಿಟ್ಟಿತ್ತು. ಅದಕ್ಕೊಂದು ಪೂಜೆ ಬೇಡವೇ? ಹಿಂದಿನ ದಿನ ಮೆಲ್ಲಗೆ ಕೇಳಿದ್ದೆ. "ಮಷೀನಿಗಿ ಪೂಜಾ ಯಾಕ? ಒರಸು ಸಾಕು," ಅಂದಿದ್ದರು. ಅವರ ಮನೆಯಲ್ಲಿ ಅಂಥದ್ದೆಲ್ಲ ಇಲ್ಲ. ಆದರೂ ನನ್ನ ಮನಸ್ಸು ಕೇಳಲಿಲ್ಲ. ಬೆಳಿಗ್ಗೆ ಅವರು ಕಣ್ಣು ಮುಚ್ಚಿದ್ದಾಗ ಸೆರಗಿನಲ್ಲಿ ವಿಭೂತಿ ಒಯ್ದೆ. ಹೊರಗೆ ಹಚ್ಚಿದರೆ ಕಾಣುತ್ತದೆಂದು, ಬುಟ್ಟಿ ತೆಗೆದು ಒಳಗಿನ ಗೋಡೆಗೆ ಹಚ್ಚಿದೆ. ಅಲ್ಲೊಂದು ಕಪ್ಪು ಗಾಜಿನ ಮಣಿ ಕಣ್ಣಿನ ಹಾಗೆ ಇತ್ತು. ಅದನ್ನೇ ಹಣೆ ಎಂದುಕೊಂಡು ಮೂರು ಬೆರಳು ದಟ್ಟವಾಗಿ ಎಳೆದು, ಕೈಮುಗಿದು ಬುಟ್ಟಿ ತಿರುಗಿ ಇಟ್ಟೆ.

ಥರ್ಮಾಸಿನಲ್ಲಿ ತುಂಬಿಟ್ಟಿದ್ದ ಬರ್ಫ ಮಧ್ಯಾಹ್ನಕ್ಕೆ ತೀರಿತು. ಮಷೀನು ಹಚ್ಚಿದೆ. ಒಂದು ಬರ್ಫವೂ ಬೀಳಲಿಲ್ಲ. ಎರಡನೇ ದೀಪ ಕೆಂಪಗೆ ಉರಿಯುತ್ತಿತ್ತು, ಬುಟ್ಟಿ ಖಾಲಿ.

ಒಳಗಿನಿಂದ ಅವರು ಕೇಳಿದರು, "ನೀರೈತೇನ?"

"ಐತ್ರಿ."

"ಮಷೀನ ಸಪಾಟ ಕುಂತೈತೇನ?"

"ಕುಂತೈತ್ರಿ ಬಾಯಾರ."

"ಪಿನ್ನ ತಗದು ತಡದು ಹಚ್ಚು."

ತೆಗೆದು, ತಡೆದು ಹಚ್ಚಿದೆ. ಮತ್ತೆ ಅದೇ ದೀಪ.

"ಒಳಗ ಏನರ ಮುಟ್ಟಿಯೇನ ತಂಗೆವ್ವಾ?"

"ಇಲ್ರಿ," ಅಂದೆ.

ನಾಚಿಕೆ, ಮಕ್ಕಳೇ. ಬೇಡವೆಂದದ್ದನ್ನು ಕದ್ದು ಮಾಡಿದೆನಲ್ಲ ಎಂಬ ನಾಚಿಕೆ. ಬೆರಳಷ್ಟು ವಿಭೂತಿ ಒಂದು ಮಷೀನನ್ನು ನಿಲ್ಲಿಸುತ್ತದೆ ಎಂದು ನನಗೇನು ಗೊತ್ತು? ಹೌದು ಅಂದಿದ್ದರೆ ಅವರಿಗೆ ಒಂದು ಗಳಿಗೆಯಲ್ಲಿ ಗೊತ್ತಾಗುತ್ತಿತ್ತು.

"ಹಂಗಾರ ಕೆಟ್ಟೈತಿ. ಇರಲಿ ಬಿಡು," ಅಂದರು. ನನ್ನ ಮಾತನ್ನು ನಂಬಿದರು.

ಜತ್ತದ ಮೆಕ್ಯಾನಿಕ್ ಹಬ್ಬಕ್ಕೆ ಅಂಗಡಿ ಮುಚ್ಚಿದ್ದ. ತಮ್ಮನ ಮಗಳು ಮರುದಿನ ಬರುವವಳಿದ್ದಳು. ನಮ್ಮ ಫ್ರಿಜ್ಜಿನ ಬರ್ಫ ಬಟ್ಟೆಯಲ್ಲಿ ಸುತ್ತಿ ಕುಟ್ಟಿ ಒಯ್ದೆ. ಚೂರಿನ ಅಂಚು ತಾಗಿ ನೆತ್ತರು ಬಂತು, ಕೈಯಿಂದಲೇ ಬೇಡ ಅಂದರು. ಅರಳೆ ನೆನೆಸಿ ತುಟಿಗೆ ಒತ್ತುತ್ತ ಕುಳಿತೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಎರಡು ಸಲ ಕೇಳಿದರು, "ಬರ್ಫ ಬಿತ್ತೇನ?" ಎರಡು ಸಲವೂ "ಈಗ ಬೀಳತೈತ್ರಿ" ಅಂದೆ. ಮತ್ತೆ ಕೇಳಲಿಲ್ಲ...

ಮರುದಿನ ಊರಿನವರು ಬನ್ನಿ ಹಂಚಲು ಹೊರಡುವ ಮುಂಚೆಯೇ ಅವರು ಹೋಗಿಬಿಟ್ಟಿದ್ದರು.

ಮೂರನೇ ದಿನ ಅವರ ತಮ್ಮನ ಮಗಳ ಜೊತೆ ಮನೆ ತೊಳೆಯಲು ಹೋದೆ. ಅವಳು ಹೊರಗೆ ಬಟ್ಟೆ ಹಿಂಡುತ್ತಿದ್ದಳು. ನಾನು ಮಷೀನಿನ ಒಳಗೆ ಒದ್ದೆ ಅರಿವೆಯಿಂದ ಒರೆಸಿದೆ. ಒಣಗಿದ ವಿಭೂತಿ ಎದ್ದು ಬಂತು, ಕಪ್ಪು ಮಣಿ ಹೊಳೆಯಿತು. ಯಾಕೆಂದು ಗೊತ್ತಿಲ್ಲ, ನೀರು ಹಾಕಿ ಹಚ್ಚಿದೆ. ಕೆಂಪು ದೀಪ ಹತ್ತಲಿಲ್ಲ. ಹತ್ತು ನಿಮಿಷಕ್ಕೆ ಬುಟ್ಟಿಯೊಳಗೆ ಟಪಟಪ ಸಪ್ಪಳ. ಒಂಬತ್ತು ಬರ್ಫ, ದುಂಡಗೆ. ಮತ್ತೆ ಒಂಬತ್ತು. ಬುಟ್ಟಿ ತುಂಬಿದೆಯೋ ಎಂದು ನೋಡುವ ಕಣ್ಣೇ ಆ ಮಣಿ, ನನ್ನ ವಿಭೂತಿ ಅದನ್ನು ಕುರುಡು ಮಾಡಿತ್ತು. ಆರಿಸದೆ ನೋಡುತ್ತ ಕುಳಿತೆ. ಬುಟ್ಟಿ ತುಂಬಿತು, ತುಂಬಿದ ದೀಪ ಹತ್ತಿತು, ಈ ಸಲ ಖರೆಯೇ ಹತ್ತಿತು.

"ಇದನ್ನ ನೀವ ಇಟಗೋರಿ ಮಾವಶಿ, ನಮ್ಮ ಅತ್ತಿನ್ನ ನೀವ ನೋಡಕೊಂಡ್ರಿ," ಅಂದಳು ಅವಳು. ಆಗಲೂ ನಾನು ಬಾಯಿ ಬಿಡಲಿಲ್ಲ. ಡಾಕ್ಟರು ಅವರಿಗೆ ಹೆಚ್ಚು ದಿನವಿಲ್ಲ ಎಂದೇ ಹೇಳಿದ್ದರು, ನನಗೆ ಗೊತ್ತು. ಆದರೆ ಆ ಒಂದು ಸಂಜೆಯ ತಂಪು ಅವರದಾಗಿತ್ತು. ಅದನ್ನು ಕಸಿದುಕೊಂಡವಳು ನಾನು.

ಬೇಸಿಗೆಯಲ್ಲಿ ನೀವು ಶರಬತ್ತಿಗೆ ಬರ್ಫ ತೆಗೆಯುವಾಗಲೆಲ್ಲ ನಾನು ಬಂದು ಸೆರಗಿನ ತುದಿಯಿಂದ ಆ ಕಣ್ಣು ಒರೆಸುವುದನ್ನು ನೋಡಿ ನಗುತ್ತೀರಲ್ಲ, ಅದು ಇದಕ್ಕೆ. ಇನ್ನು ಮೇಲೆ ಅದನ್ನು ಒರೆಸುವ ಕೆಲಸ ಸಹನಾಳದು.

ಈ ಹಾಳೆಗಳನ್ನು ಮಷೀನಿನ ಹತ್ತಿರ ಇಡಬೇಡಿ, ಅದರ ತಳದಿಂದ ನೀರು ಜಿನುಗುತ್ತದೆ. ನನ್ನ ಟ್ರಂಕಿನಲ್ಲಿ, ಸೀರೆಗಳ ಕೆಳಗೆ, ಒಣಗಿದ ಜಾಗದಲ್ಲಿಡಿ. ಮಿರಜದಿಂದ ಆ ತಮ್ಮನ ಮಗಳು ಎಂದಾದರೂ ಬಂದರೆ, ಮೊದಲು ಕುಡಿಯಲು ನೀರು ಕೊಡಿ, ನೀವೂ ಅವಳ ಕೈಯಿಂದ ಕುಡಿಯಿರಿ. ಆಮೇಲೆ ಇದನ್ನು ಅವಳಿಗೆ ಓದಿ ಹೇಳಿ. ಅಲ್ಲಿಯವರೆಗೆ ಕಳೆಯಬೇಡಿ.